ನಿಮ್ಮ 'ಹೌದು' ಎಲ್ಲಿ ಬರೆದಿದೆ, ಸಂಸದರೇ?

ಮಾನ್ಯ ಸಂಸದರಿಗೆ ನಮಸ್ಕಾರ.

ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನೀವು ಬಂದಾಗ ಹಣ್ಣಿನ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನು. ಎಲ್‌ಐಸಿ ಏಜೆಂಟ್. ಮುಂಬಯಿಯ ಮಾಟುಂಗಾದಿಂದ ಮುಲುಂಡ್‌ವರೆಗೆ ಗಿರಾಕಿಗಳು, ಜಾಸ್ತಿ ಜನ ನಮ್ಮೂರ ಕಡೆಯ ಹೋಟೆಲಿನವರು. ಅವತ್ತು ನೀವು ಸ್ವದೇಶಿಯ ಬಗ್ಗೆ ಚೆನ್ನಾಗಿಯೇ ಮಾತಾಡಿದಿರಿ. ನನಗೆ ಮಾತ್ರ ಹಳೆಯ ಪೋಸ್ಟರ್ ನೆನಪಾಗುತ್ತಿತ್ತು.

2012ರಲ್ಲಿ ನೀವಿನ್ನೂ ಸಂಸದರಾಗಿರಲಿಲ್ಲ. ನಮ್ಮ ಕಟ್ಟಡದ ಕೆಳಗಿನ ಕಿರಾಣಿ ಅಂಗಡಿಗೆ ಬಂದು 'ವಿದೇಶಿ ಬಂಡವಾಳ ಬೇಡ' ಅಂತ ಪೋಸ್ಟರ್ ಅಂಟಿಸಿದಿರಿ. ಗೋಂದಿನ ಡಬ್ಬಿ ಹಿಡಿದವನೂ ನಾನೇ. (ಡಬ್ಬಿ, ಬುಟ್ಟಿ ಹಿಡಿಯುವುದೇ ನನ್ನ ಹಣೆಬರಹ ಅನ್ನಿಸುತ್ತದೆ.) ಆ ವರ್ಷ ಡಿಸೆಂಬರ್ 5ರಂದು, ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಹಣ ಬೇಡವೆಂದು ನಿಮ್ಮ ಬಿಜೆಪಿಯ ಸುಷ್ಮಾ ಸ್ವರಾಜ್ ಮಂಡಿಸಿದ ನಿರ್ಣಯ ಲೋಕಸಭೆಯಲ್ಲಿ ಸೋತಿತು. ಪರ 218, ವಿರುದ್ಧ 253. ಸೋತರೂ ಎಣಿಕೆಯಾಯಿತು. ಯಾರು ಯಾವ ಕಡೆ ಅಂತ ಹೆಸರು ಉಳಿಯಿತು.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ವಿಮೆಗೆ ಖಾಸಗಿಯವರನ್ನು ಬಿಡುವ ಕಾನೂನು 1999ರಲ್ಲಿ ಬಂತು. ವಿದೇಶಿ ಪಾಲು 26 ಶೇಕಡಾ. ತಂದದ್ದು ವಾಜಪೇಯಿ ಸರ್ಕಾರ. 2008ರಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ ಅದನ್ನು 49ಕ್ಕೆ ಏರಿಸಲು ಮಸೂದೆ ತಂದಾಗ ನಿಮ್ಮ ಪಕ್ಷ ಅಡ್ಡ ನಿಂತಿತು. ಆಗ ನಿಮ್ಮವರೇ ಆಗಿದ್ದ ಯಶವಂತ ಸಿನ್ಹಾ ಅಧ್ಯಕ್ಷರಾಗಿದ್ದ ಸಂಸತ್ತಿನ ಸ್ಥಾಯಿ ಸಮಿತಿ 2011ರಲ್ಲಿ ಏರಿಕೆ ಬೇಡ ಎಂದಿತು. ಆಮೇಲೆ ಅಧಿಕಾರ ನಿಮ್ಮ ಕೈಗೆ ಬಂತು. 2014ರ ಕೊನೆಗೆ ಸುಗ್ರೀವಾಜ್ಞೆ, 2015ರ ಮಾರ್ಚ್‌ನಲ್ಲಿ ಅದೇ 49. 2021ರಲ್ಲಿ 74. 2025ರ ಬಜೆಟ್‌ನಲ್ಲಿ 100ರ ಘೋಷಣೆ.

ಕಾಂಗ್ರೆಸ್ಸಿನವರೂ ಸಾಚಾ ಅಲ್ಲ ಬಿಡಿ. 49 ಬೇಕು ಎಂದವರು 2021ರಲ್ಲಿ 74 ಬೇಡ ಎಂದರು. ಕುರ್ಚಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದರೆ ನಾನು ವೋಟು ಹಾಕಿದ್ದು ನಿಮಗೆ. ಹಾಗಾಗಿ ಕೇಳುವುದೂ ನಿಮ್ಮನ್ನೇ.

2021ರ ಮಾರ್ಚ್ 22ರಂದು ಆ 74ರ ಮಸೂದೆ ಲೋಕಸಭೆಯಲ್ಲಿ ಪಾಸಾದದ್ದು ಧ್ವನಿಮತದಿಂದ. ಅಂದರೆ ಹೌದು ಎನ್ನುವವರು ಹೌದು ಅನ್ನುತ್ತಾರೆ, ಇಲ್ಲ ಎನ್ನುವವರು ಇಲ್ಲ ಅನ್ನುತ್ತಾರೆ, ಸಭಾಧ್ಯಕ್ಷರು ಸದ್ದು ಕೇಳಿ ತೀರ್ಪು ಕೊಡುತ್ತಾರೆ. ಯಾರ ಹೆಸರೂ ಇಲ್ಲ. ನನ್ನ ಗಿರಾಕಿ ಪ್ರಪೋಸಲ್ ಫಾರಂಗೆ ಸಹಿ ಹಾಕದೆ ಬರೀ 'ಹ್ಞೂಂ' ಅಂದರೆ ನಮ್ಮ ಬ್ರಾಂಚಿನಲ್ಲಿ ಪಾಲಿಸಿ ಕೊಡುತ್ತಾರಾ?

ವಿಪ್ ಇತ್ತು, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ ಇತ್ತು ಅಂತ ನೀವು ಹೇಳಬಹುದು. ನಿಜ. 1985ರಿಂದ ಪಕ್ಷಾಂತರ ನಿಷೇಧ ಕಾನೂನಿದೆ, ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಸಂಚಕಾರ. ಅದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ. ಆದರೆ ಸಂಘದ ವೇದಿಕೆಯ ಮೇಲೆ ಯಾವ ವಿಪ್ ಇತ್ತು? ಅಲ್ಲಿ ಸ್ವದೇಶಿ ಅಂದದ್ದು ನೀವೇ ಅಲ್ವಾ?

ಮನಸ್ಸು ಬದಲಾಗುವುದು ತಪ್ಪಲ್ಲ. ನನ್ನದೂ ಬದಲಾಗಿದೆ. ಖಾಸಗಿ ಕಂಪನಿ ನಂಬಬೇಡಿ ಅಂತ ಊರಿಗೆಲ್ಲ ಹೇಳುತ್ತಿದ್ದವನು ಈಗ ಜೀವವಿಮೆಯ ಜೊತೆಗೆ ಒಂದು ಖಾಸಗಿ ಕಂಪನಿಯ ಆರೋಗ್ಯ ವಿಮೆಯನ್ನೂ ಮಾರುತ್ತೇನೆ. ಕಮಿಷನ್ ಬರುತ್ತದೆ, ಮುಚ್ಚಿಡುವುದೇನು? ಹಳೆಯ ಗಿರಾಕಿಯೊಬ್ಬರು ನಗುತ್ತಾ ಕೆಣಕಿದಾಗ ಕೂತು ವಿವರಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಚಹಾ ಕುಡಿಸಿ ಕಳಿಸಿದರು.

ನೀವೂ ಅಷ್ಟು ಮಾಡಿ. ಮುಂದಿನ ಸಲ ಸಂಘಕ್ಕೆ ಬಂದಾಗ, ಅಂದು ಬೇಡವಾದದ್ದು ಈಗ ಯಾಕೆ ಬೇಕಾಯಿತು ಅಂತ ಹೇಳಿ. ಮರಾಠಿಯಲ್ಲಾದರೂ ಸರಿ, ನಮಗೆಲ್ಲ ಅರ್ಥವಾಗುತ್ತದೆ. ಬುಟ್ಟಿ ಹಿಡಿದುಕೊಂಡು ನಾನು ಪಕ್ಕದಲ್ಲೇ ಇರುತ್ತೇನೆ.

ಇತಿ,
ನಿಮ್ಮ ಮತದಾರ, ಒಬ್ಬ ವಿಮಾ ಏಜೆಂಟ್
ಮುಂಬಯಿ