ಗೋರಮಾಟಿ ಎನ್ನಲು ಹಿಂಜರಿಯುವ ಮಗಳಿಗೆ

ಚಿ. ಲಲಿತಾಗೆ ಕಾಕಾನ ಆಶೀರ್ವಾದ.

ಧಾರವಾಡದ ಹಾಸ್ಟೆಲ್ಲಿನಲ್ಲಿ ಗೋರಮಾಟಿ, ಅಂದರೆ ಬಂಜಾರ (ಲಮಾಣಿ), ಎನ್ನಲು ಬಾಯೇ ಬರುವುದಿಲ್ಲ, ಬೆಂಕಿಗೆ ನೈವೇದ್ಯ ಕೊಡುವ ಮನೆಯ ಭೋಗ್, ಹೋಳಿಯ ಲೇಂಗಿ ಹಾಡು ಎಲ್ಲ ಹಿಂದುಳಿದವರ ಲಕ್ಷಣ ಅನಿಸುತ್ತದೆ ಎಂದು ಬರೆದಿದ್ದಿ. ಆ ನಾಚಿಕೆಯಲ್ಲಿ ನಿನ್ನ ಸ್ವಂತ ವಿಚಾರ ಎಷ್ಟು, ಸರ್ಕಾರಿ ದಫ್ತರದ ಕಾಗದದಿಂದ ಇಳಿದು ಬಂದದ್ದು ಎಷ್ಟು ಎಂಬುದನ್ನು ಮೊದಲು ಬೇರೆ ಮಾಡು.

ನಮ್ಮವರು ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ನಾಡೆಲ್ಲ ತಿರುಗುತ್ತಿದ್ದರು. 1880ರ ದಶಕದಲ್ಲಿ ಗದಗ, ಹುಬ್ಬಳ್ಳಿಗೆ ರೈಲು ಬಂದ ಮೇಲೆ ಆ ಹೇರಿಗೆ ಗಿರಾಕಿ ಉಳಿಯಲಿಲ್ಲ. ಅದಕ್ಕೂ ಮುಂಚೆ 1878ರಲ್ಲಿ ಅರಣ್ಯ ಕಾಯ್ದೆ, ಮುಂಬಯಿ ಅಬಕಾರಿ ಕಾಯ್ದೆ ಎರಡೂ ಬಂದಿದ್ದವು. ಕಟ್ಟಿಗೆ ತಂದರೂ ಕೇಸು, ತಾಂಡಾದಲ್ಲಿ ಸಾರಾಯಿ ಭಟ್ಟಿ ಇಳಿಸಿದರೂ ಕೇಸು. ಬದುಕಿನ ದಾರಿಯನ್ನೇ ಅಪರಾಧ ಮಾಡಿ, ಆಮೇಲೆ ಆ ಜನರನ್ನೇ ಅಪರಾಧಿಗಳೆಂದು ಬರೆದರು. ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡುತ್ತಿದ್ದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಇಡೀ ದೇಶಕ್ಕೆ ಹಬ್ಬಿತು. ಹಲವು ಕಡೆ ಬಂಜಾರರೂ ಆ ಪಟ್ಟಿಗೆ ಸೇರಿದರು. ಹುಬ್ಬಳ್ಳಿ, ಗದಗದಲ್ಲಿ ಇಂದಿಗೂ ಸೆಟ್ಲಮೆಂಟ್ ಎನ್ನುವ ಓಣಿಗಳಿವೆಯಲ್ಲ, ಪಟ್ಟಿಗೆ ಸೇರಿದ ಬೇರೆ ಬೇರೆ ಸಮುದಾಯದವರನ್ನು ಕೂಡಿಹಾಕಿ ಹಾಜರಿ ತೆಗೆಯುತ್ತಿದ್ದ ಜಾಗ ಅವು. ಕಾಯ್ದೆ 1952ರಲ್ಲಿ ಹೋಯಿತು. ಊರವರ ಸಂಶಯ ಅಷ್ಟು ಬೇಗ ಹೋಗಲಿಲ್ಲ.

ಬ್ರಿಟಿಷ್ ಸರ್ಕಾರ ಜಿಲ್ಲೆಯ ವಿವರ ಬರೆಸಿದ 1884ರ ಧಾರವಾಡ ಗೆಜೆಟಿಯರಿನಲ್ಲಿ ಲಮಾಣಿಗಳ ಬಗ್ಗೆ ಬರೆದದ್ದನ್ನು ಗ್ರಂಥಾಲಯದಲ್ಲಿ ಕೇಳಿ ಓದು. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಕಣ್ಣಾರೆ ಕಂಡು ಬರೆದಂತಿರುವ ಮಾತಿಗೆ ಒಂದು ಗುರುತು, ಸ್ವಭಾವದ ಬಗೆಗಿನ ತೀರ್ಪಿಗೆ ಇನ್ನೊಂದು ಗುರುತು ಹಾಕು. ಉಡುಪು, ಮದುವೆಯ ವಿವರ ಉಪಯೋಗಕ್ಕೆ ಬಂದೀತು. ತೀರ್ಪುಗಳನ್ನು ನಿನ್ನ ಮನಸ್ಸಿನ ಮಾತಿನ ಪಕ್ಕ ಇಟ್ಟು ನೋಡು, ಎಷ್ಟು ಹೊಂದುತ್ತವೆ ಅಂತ.

ಆಮೇಲೆ ನಿನ್ನ ಅಜ್ಜಿ, ದಾದಿಯ ಹತ್ತಿರ ಕೂಡು. ಕನ್ನಡದಲ್ಲಿ ಕೇಳಿದರೆ ಕನ್ನಡದ ಊರವರಿಗೆ ಹೇಳುವಷ್ಟನ್ನೇ ಹೇಳುತ್ತಾಳೆ. ನಮ್ಮ ಬೋಲಿಯಲ್ಲೇ ಕೇಳು, ತಪ್ಪಿದರೂ ನಡೆದೀತು. ಹಾಡನ್ನು ನಡುವೆ ತಡೆಯದೆ ಪೂರ್ತಿ ಮೊಬೈಲಿನಲ್ಲಿ ಹಿಡಿದುಕೊ, ಅರ್ಥವನ್ನು ಮರುದಿನ ಸಾಲು ಸಾಲಾಗಿ ಕೇಳು. ತಡೆದರೆ ಲಯ ಮುರಿಯುತ್ತದೆ, ಮುಂದಿನ ಸಾಲು ನೆನಪಾಗುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆಯುವಾಗ ಎರಡು ಕಡೆ ಎಡವುತ್ತಾರೆ: ಶಬ್ದದ ಕೊನೆಗೆ ಇಲ್ಲದ ಸ್ವರ ಸೇರಿಸುತ್ತಾರೆ, ಮೂಗಿನ ಸ್ವರಕ್ಕೆ ಸೊನ್ನೆ ಹಾಕಿ ಮ್, ನ್ ಎಂದು ಓದುತ್ತಾರೆ. ಕೊನೆಯ ವ್ಯಂಜನವನ್ನು ಅರ್ಧಾಕ್ಷರ ಮಾಡು, ಮೂಗಿನ ಸ್ವರಕ್ಕೆ ಬೇರೆ ಗುರುತು ಇಟ್ಟುಕೊ.

ತೀಜ್ ಹಬ್ಬದಲ್ಲಿ ಹುಡುಗಿಯರು ಬುಟ್ಟಿಯ ಗೋಧಿ ಸಸಿಗೆ ನೀರು ಹಾಕುವುದು, ದೀಪಾವಳಿಯಲ್ಲಿ ಮನೆಮನೆಗೆ ಹೋಗಿ ಮೇರಾ ಹಾಡಿ ಹರಸುವುದು, ಇವನ್ನು ಮೂಢನಂಬಿಕೆ ಎನ್ನುವ ಮೊದಲು ಅದರಲ್ಲಿ ಯಾರು ಯಾರನ್ನು ನೆನೆಯುತ್ತಾರೆ ಎಂದು ಬರೆದಿಡು. ಅಗಲಿದ ಹಿರಿಯರು, ದನಕರು, ಇಡೀ ತಾಂಡಾ ಆ ನೆನಪಿನಲ್ಲಿರುತ್ತದೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳಲಾರೆ. ತಾಂಡಾದ ನ್ಯಾಯ ಪಂಚಾಯಿತಿಯಾದ ನಸಾಬಿನಲ್ಲಿ ಹೆಣ್ಣುಮಕ್ಕಳಿಗೆ ಮಾತಿರಲಿಲ್ಲ, ಅದನ್ನು ನೀವೇ ಬದಲಿಸಬೇಕು. ಹಿಂದೆ ಗಂಡಿನ ಕಡೆಯವರು ತೆರ ಕೊಡುತ್ತಿದ್ದರು, ಈಗ ಹೆಣ್ಣಿನವರು ವರದಕ್ಷಿಣೆ ಕೊಡುತ್ತಾರೆ. ಅದನ್ನು ಬ್ರಿಟಿಷರು ಹೇರಲಿಲ್ಲ, ದೊಡ್ಡವರಾಗಬೇಕೆಂದು ನಾವೇ ನೆರೆಯವರಿಂದ ಕಲಿತೆವು. ರಜಪೂತ ರಾಜರ ವಂಶದವರೆಂದು ಎದೆ ಉಬ್ಬಿಸುವವರನ್ನೂ ಸ್ವಲ್ಪ ದೂರವಿಡು; ಎತ್ತು ಹೊಡೆದವರ ಮಕ್ಕಳೆನ್ನಲು ಅವರಿಗೂ ನಾಚಿಕೆಯೇ.

ಈ ದೀಪಾವಳಿಗೆ ಎರಡು ದಿನ ಮುಂಚೆಯೇ ಬಾ. ಮೇರಾ ಹಾಡು ಪೂರ್ತಿ ಬಲ್ಲವರು ತಾಂಡಾದಲ್ಲಿ ಕಡಿಮೆಯಾಗಿದ್ದಾರೆ.

ನಿನ್ನ ಕಾಕಾ