ಗೆಳೆಯನಿಗೊಂದು ಪತ್ರ: ನಿನ್ನ ಹದಿನಾಲ್ಕು ಗಿಡಗಳ ಪಟ್ಟಿಯ ಕುರಿತು

ಪ್ರಿಯ ಗೆಳೆಯ,

ನಿನ್ನ ಪತ್ರವೂ ಅದರ ಜೊತೆಗೆ ನೀನು ಅಳತೆ ಹಿಡಿದು ಬರೆದ ಅಂಗಳದ ನಕ್ಷೆಯೂ ತಲುಪಿದವು. 12 ಅಡಿ ಉದ್ದ, 8 ಅಡಿ ಅಗಲದ ಆ ಜಾಗದಲ್ಲಿ ಮಾವು, ಹಲಸು, ಸಪೋಟ, ಸೀಬೆ, ದಾಳಿಂಬೆ, ಅಂಜೂರ, ಪಪ್ಪಾಯಿ, ಎರಡು ಬಗೆಯ ನಿಂಬೆ, ಇವುಗಳ ಸಂದಿಯಲ್ಲಿ ಪುದೀನ, ಕೊತ್ತಂಬರಿ, ಕಾಮಕಸ್ತೂರಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು ಎಂದು ಒಟ್ಟು 14 ಹೆಸರುಗಳನ್ನು ಬರೆದು, ಇನ್ನೂ ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದ್ದೀಯ. ನೀನು ನಿಂತು ನೀರು ಹಾಕುವುದಕ್ಕೆ ಬೇಕಾದ ಜಾಗವೊಂದು ಬಿಟ್ಟುಹೋಗಿದೆ. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ನಾನು ಆರಂಭಿಸಿದಾಗ ನನ್ನ ಪಟ್ಟಿಯಲ್ಲಿ 19 ಹೆಸರುಗಳಿದ್ದವು, ಜಾಗ ನಿನ್ನದಕ್ಕಿಂತಲೂ ಕಿರಿದು. ಆ ಹತ್ತೊಂಬತ್ತರಲ್ಲಿ ಇಂದು ನನ್ನ ಬಳಿ ಉಳಿದಿರುವುದು ಏಳು ಬಗೆ ಮಾತ್ರ. ಆದ್ದರಿಂದ ಈ ಪತ್ರವನ್ನು ಹನ್ನೆರಡು ಗಿಡಗಳನ್ನು ಕೈಯಾರೆ ಕೆಡಿಸಿದವನ ಅನುಭವವೆಂದು ಓದಿಕೊ.

ಮಾವು, ಹಲಸು, ಸಪೋಟಗಳನ್ನು ಮೊದಲು ಹೊಡೆದುಹಾಕು. ಗಿಡ್ಡ ತಳಿಯ ಮಾವನ್ನು ದೊಡ್ಡ ಕುಂಡದಲ್ಲಿ ಬೆಳೆಸುವವರಿದ್ದಾರೆ, ನಿಜ. ಆದರೆ ಮರವಾಗಬೇಕೆಂದು ಹುಟ್ಟಿದ ಜೀವವನ್ನು ಪ್ರತಿವರ್ಷ ಕತ್ತರಿಯಿಂದ ತಡೆದು ನಿಲ್ಲಿಸುವ ಕೆಲಸವನ್ನು ಮೊದಲ ವರ್ಷವೇ ತಲೆಯ ಮೇಲೆ ಎಳೆದುಕೊಳ್ಳಬೇಡ. ಪಪ್ಪಾಯಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಒಂದು ಸಂಗತಿ ತಿಳಿದಿರಲಿ: ಬೀಜದಿಂದ ಬಂದ ಸಸಿ ಗಂಡೋ ಹೆಣ್ಣೋ ಎಂಬುದು ಹೂಬಿಡುವವರೆಗೆ ಗೊತ್ತಾಗುವುದಿಲ್ಲ, ಹಾಗಾಗಿ ಒಂದೇ ಗುಂಡಿಯಲ್ಲಿ ಮೂರು ಸಸಿ ನೆಟ್ಟು, ಉದ್ದನೆಯ ತೊಟ್ಟಿನ ಮೇಲೆ ಗೊಂಚಲಾಗಿ ಇಳಿಬಿದ್ದ ಹೂವುಳ್ಳ ಗಂಡುಗಿಡವನ್ನು ಕಿತ್ತು, ಕಾಂಡಕ್ಕೆ ಅಂಟಿದಂತೆ ಹೂಬಿಟ್ಟ ಒಂದನ್ನು ಉಳಿಸಿಕೊಳ್ಳುವುದು ರೂಢಿ. ಅದರ ಬುಡದಲ್ಲಿ ಎರಡು ದಿನ ನೀರು ನಿಂತರೆ ಬೇರು ಕೊಳೆತು ಗಿಡವೇ ಕುಸಿಯುತ್ತದೆ. ದಾಳಿಂಬೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊ. ಅದು ನೀರಿನ ವಿಷಯದಲ್ಲಿ ಶಿಸ್ತನ್ನು ಕೇಳುವ ಗಿಡ. ಕೆಲವು ದಿನ ಒಣಗಲು ಬಿಟ್ಟು ಆಮೇಲೆ ಒಮ್ಮೆಗೇ ನೀರು ಸುರಿದರೆ, ಬಿಗಿದುಕೊಂಡಿದ್ದ ಸಿಪ್ಪೆಯೊಳಗೆ ಕಾಳುಗಳು ಉಬ್ಬಿ, ಹಣ್ಣು ಗಿಡದಲ್ಲೇ ಬಿರಿಯುತ್ತದೆ. ಉಳಿಯುವುದು ಒಂದು ನಿಂಬೆ, ಒಂದು ಸೀಬೆ, ಒಂದು ಅಂಜೂರ. ಸೊಪ್ಪಿನ ಗಿಡಗಳ ಮಾತನ್ನು ಮುಂದೆ ಬರೆಯುತ್ತೇನೆ.

ಈ ಮೂರನ್ನು ಆರಿಸಿದ್ದಕ್ಕೆ ಕಾರಣವಿದೆ. ಮೂರೂ ಒಂಟಿಯಾಗಿ ನಿಂತು ಕಾಯಿ ಕಟ್ಟಬಲ್ಲವು. ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಅಂಜೂರದ ತಳಿಗಳಿಗಂತೂ ಪರಾಗಸ್ಪರ್ಶದ ಅಗತ್ಯವೇ ಇಲ್ಲ. ಸೀಬೆ ಹೊಸ ಚಿಗುರಿನಲ್ಲಿ ಹೂಬಿಡುವ ಗಿಡವಾದ್ದರಿಂದ ಕತ್ತರಿಸಿದರೆ ಅದಕ್ಕೆ ನಷ್ಟವಿಲ್ಲ. ಕೊಯ್ಲು ಮುಗಿದ ಮೇಲೆ ಕೊಂಬೆಗಳ ತುದಿಯನ್ನು ಧೈರ್ಯವಾಗಿ ಸವರಿದರೆ ಬರುವ ಚಿಗುರುಗಳಲ್ಲೇ ಮೊಗ್ಗು ಮೂಡುತ್ತದೆ, ಗಿಡವೂ ನಿನ್ನ ಕೈಗೆಟಕುವ ಎತ್ತರದಲ್ಲಿ ಉಳಿಯುತ್ತದೆ. ಅಂಜೂರದ ಬೇರು ಹರಡುವ ಸ್ವಭಾವದ್ದು, ಅದನ್ನು ಕುಂಡದಲ್ಲಿಯೇ ಇಡು, ಗೋಡೆಯ ಪಕ್ಕದ ನೆಲಕ್ಕೆ ಇಳಿಸಬೇಡ.

ಗಿಡ ತರುವುದಕ್ಕೆ ಮುಂಚೆ ಒಂದು ದಿನವನ್ನು ಬಿಸಿಲಿಗಾಗಿ ಮೀಸಲಿಡು. ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ ಅಂಗಳಕ್ಕೆ ಹೋಗಿ, ನೆರಳಿನ ಅಂಚು ಎಲ್ಲಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಪಕ್ಕದಲ್ಲಿ ಹೊತ್ತನ್ನು ಬರೆ. ಹಣ್ಣಿನ ಗಿಡಕ್ಕೆ ದಿನಕ್ಕೆ ಕನಿಷ್ಠ 6 ಗಂಟೆಯ ನೇರ ಬಿಸಿಲು ಬೇಕು, 8 ಗಂಟೆ ಸಿಕ್ಕರೆ ಇನ್ನೂ ಒಳ್ಳೆಯದು. ಪುದೀನ, ದೊಡ್ಡಪತ್ರೆಗಳು ಮೂರು ನಾಲ್ಕು ಗಂಟೆಯ ಬಿಸಿಲಿನಲ್ಲೂ ಸೊಂಪಾಗಿರುತ್ತವೆ. ನಿನ್ನ ನಕ್ಷೆಯಲ್ಲಿ ಗೋಡೆ ಯಾವ ದಿಕ್ಕಿಗಿದೆ ಎಂಬುದನ್ನೇ ನೀನು ಬರೆದಿಲ್ಲ. ಬೇಸಿಗೆಯಲ್ಲಿ ಬಿಸಿಲು ಬೀಳುವ ಮೂಲೆ ಚಳಿಗಾಲದಲ್ಲಿ ಗೋಡೆಯ ಉದ್ದನೆಯ ನೆರಳಿಗೆ ಸೇರಿಬಿಡಬಹುದು. ನನ್ನ ಸೀಬೆ ಮೂರು ವರ್ಷ ಎಲೆ ಬಿಟ್ಟುಕೊಂಡು ಸುಮ್ಮನೆ ನಿಂತಿತ್ತು. ಅದನ್ನು ಐದು ಅಡಿ ಆಚೆಗೆ ಸರಿಸಿದ ಮರುವರ್ಷ ಹೂಬಿಟ್ಟಿತು. ಆ ಮೂರು ವರ್ಷ ನಾನು ಗೊಬ್ಬರವನ್ನು ಬೈಯುತ್ತಿದ್ದೆ.

ನಿಂಬೆಯ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಈಗ ನನ್ನಲ್ಲಿರುವುದು ಮೂರನೆಯ ನಿಂಬೆ. ಮೊದಲನೆಯದನ್ನು ಹಣ್ಣಿನ ಬೀಜದಿಂದಲೇ ಎಬ್ಬಿಸಿದೆ. ಒಂದೇ ಬೀಜದಿಂದ ಎರಡು ಮೊಳಕೆ ಬಂದಾಗ ಯಾವುದೋ ಪವಾಡವೆಂದು ಹಿಗ್ಗಿದ್ದೆ. ನಿಂಬೆಯ ಜಾತಿಯ ಅನೇಕ ಗಿಡಗಳ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದು ಸಾಮಾನ್ಯವೆಂದೂ, ಅವುಗಳಲ್ಲಿ ಕೆಲವು ಪರಾಗದ ಹಂಗಿಲ್ಲದೆ ತಾಯಿಗಿಡದ ಪಡಿಯಚ್ಚಾಗಿಯೇ ಬರುತ್ತವೆಂದೂ ಆಮೇಲೆ ತಿಳಿಯಿತು. ಆದರೆ ಬೀಜದ ಗಿಡಕ್ಕೆ ಬಾಲ್ಯ ಬಹಳ ದೀರ್ಘ. ಆರು ವರ್ಷ ಅದು ನನಗೆ ಕೊಟ್ಟದ್ದು ಬೆರಳುದ್ದದ ಮುಳ್ಳುಗಳನ್ನು ಮಾತ್ರ. ಕಸಿ ಗಿಡ ಎರಡು ಮೂರು ವರ್ಷದಲ್ಲೇ ಕಾಯಿ ಬಿಡುವುದಕ್ಕೆ ಕಾರಣ, ಅದರ ಕುಡಿಯನ್ನು ಆಗಲೇ ಕಾಯಿ ಬಿಡುತ್ತಿರುವ ಮರದಿಂದ ತೆಗೆದಿರುತ್ತಾರೆ, ಅಂದರೆ ಗಿಡ ಚಿಕ್ಕದಾದರೂ ಕುಡಿಯ ವಯಸ್ಸು ಚಿಕ್ಕದಲ್ಲ.

ಎರಡನೆಯದು ಅಂಥ ಕಸಿ ಗಿಡವೇ. ಒಂದು ಮಳೆಗಾಲದಲ್ಲಿ ಅದರ ಬುಡದಿಂದ ಹೊಸ ಚಿಗುರೊಂದು ಎದ್ದು, ಕಂಡ ಕಂಡವರಿಗೆಲ್ಲ ನಾನು ತೋರಿಸುವಷ್ಟು ರಭಸವಾಗಿ ಬೆಳೆಯಿತು. ಅದರ ಎಲೆಗಳು ಒಂದೊಂದು ತೊಟ್ಟಿನಲ್ಲಿ ಮೂರು ಮೂರಾಗಿ ಇರುವುದನ್ನು ನೋಡಿಯೂ ನನಗೆ ಅನುಮಾನ ಬರಲಿಲ್ಲ. ನಿಂಬೆಯ ಎಲೆ ಒಂಟಿಯಾಗಿರುತ್ತದೆ. ಮೂರೆಲೆಯ ಚಿಗುರು ಕಸಿಯ ಗಂಟಿನ ಕೆಳಗಿನ ಬೇರುಸಸಿಯದು, ಅಂದರೆ ನಿಂಬೆಯ ಕುಡಿಯನ್ನು ಕೂಡಿಸಲು ಬೇರಿಗಾಗಿ ಬಳಸಿದ ಬೇರೆ ಗಿಡದ್ದು. ಎರಡು ವರ್ಷದಲ್ಲಿ ಬೇರುಸಸಿ ಎದ್ದು ನಿಂತು, ಮೇಲಿನ ನಿಂಬೆ ಸೊರಗಿ ಒಣಗಿತು. ಆದ್ದರಿಂದ ಗಿಡ ತಂದ ದಿನವೇ ಕಸಿಯ ಗಂಟು ಎಲ್ಲಿದೆ ಎಂದು ಗುರುತಿಸು, ನೆಡುವಾಗ ಅದು ಮಣ್ಣಿನಿಂದ ನಾಲ್ಕು ಬೆರಳಾದರೂ ಮೇಲಿರಲಿ, ಅದರ ಕೆಳಗೆ ಮೂಡಿದ ಯಾವ ಚಿಗುರನ್ನೂ ಎಳೆಯದಾಗಿರುವಾಗಲೇ ಚಿವುಟಿ ತೆಗೆ. ಆ ಚಿಗುರು ಎಷ್ಟು ಚೆಲುವಾಗಿದ್ದರೂ ಸರಿ.

ಕುಂಡದಲ್ಲಿ ಬೆಳೆಸುವುದಾದರೆ ನಿಂಬೆಗೆ ಸುಮಾರು 18 ಇಂಚು ಅಗಲ, ಅಷ್ಟೇ ಆಳದ ಕುಂಡ ಬೇಕು. ಕುಂಡದ ತಳದಲ್ಲಿ ಜಲ್ಲಿಕಲ್ಲು ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ವರ್ಷಗಟ್ಟಲೆ ಹರಡಿದೆ. ವಾಸ್ತವದಲ್ಲಿ ನುಣುಪಾದ ಮಣ್ಣಿನಲ್ಲಿರುವ ನೀರು, ಆ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಕೆಳಗಿನ ದಪ್ಪ ಕಲ್ಲಿನ ಪದರಕ್ಕೆ ಇಳಿಯುವುದಿಲ್ಲ. ಹಾಗಾಗಿ ಕಲ್ಲು ಹಾಕಿದಷ್ಟೂ ನೀರು ನಿಲ್ಲುವ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ. ಕಲ್ಲಿನ ಬದಲು ತೂತುಗಳನ್ನು ಹೆಚ್ಚಿಸು. ಬರೀ ಅಂಗಳದ ಮಣ್ಣು ಕುಂಡದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುವುದರಿಂದ ಅದಕ್ಕೆ ಕಳಿತ ಕಾಂಪೋಸ್ಟನ್ನೂ ದಪ್ಪ ಮರಳನ್ನೋ ತೆಂಗಿನ ನಾರಿನ ಪುಡಿಯನ್ನೋ ಸಮಸಮವಾಗಿ ಬೆರೆಸು.

ನೀರಿನ ಬಗ್ಗೆ ನಿನಗೆ ಎಚ್ಚರಿಕೆ ಕೊಡಲೇಬೇಕು, ಏಕೆಂದರೆ ನೀನು ಪ್ರೀತಿಯನ್ನು ಪ್ರಮಾಣದಲ್ಲಿ ತೋರಿಸುವವನು. ನನ್ನ ಹನ್ನೆರಡು ಗಿಡಗಳಲ್ಲಿ ಏಳು ಸತ್ತದ್ದು ಬಾಯಾರಿಕೆಯಿಂದಲ್ಲ, ನೀರಿನಿಂದ. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಗಾಳಿ ಸಿಗದ ಬೇರು ನೀರನ್ನು ಹೀರಲಾರದು, ಹೀಗಾಗಿ ನೀರಿನಲ್ಲೇ ನಿಂತ ಗಿಡ ಬಾಯಾರಿದ ಗಿಡದಂತೆಯೇ ಎಲೆ ಜೋಲಿಸುತ್ತದೆ. ಅದನ್ನು ಕಂಡ ಯಜಮಾನ ಕನಿಕರದಿಂದ ಇನ್ನೊಂದು ತಂಬಿಗೆ ಸುರಿಯುತ್ತಾನೆ. ಎಲೆ ಜೋತಾಗ ತಂಬಿಗೆಯತ್ತ ಹೋಗುವ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡು. ತೇವವಿದ್ದರೆ ಹಿಂತಿರುಗು. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹಾಕು, ಪ್ರತಿದಿನ ಮೇಲ್ಮಣ್ಣನ್ನು ಮಾತ್ರ ಒದ್ದೆ ಮಾಡುವ ಪದ್ಧತಿ ಬೇಡ. ಬುಡದ ಸುತ್ತ ಎರಡು ಇಂಚು ದಪ್ಪ ತರಗೆಲೆಯ ಹೊದಿಕೆ ಹಾಕಿದರೆ ಬೇಸಿಗೆಯಲ್ಲಿ ನಿನ್ನ ಕೆಲಸ ಎಷ್ಟೋ ಕಡಿಮೆಯಾಗುತ್ತದೆ, ಕಾಂಡಕ್ಕೆ ಅದು ತಾಗದಂತೆ ನೋಡಿಕೊಂಡರಾಯಿತು.

ಗೊಬ್ಬರದ ವಿಷಯವೂ ಹೀಗೆಯೇ. ಸಾರಜನಕ ಹೆಚ್ಚಾದ ಗಿಡ ಹಸಿರು ಕಾರಿಕೊಂಡು ನಿಲ್ಲುತ್ತದೆ, ಹೂವನ್ನು ಮರೆಯುತ್ತದೆ. ಎಲೆ ಹಳದಿಯಾದರೆ ಯಾವ ಎಲೆ ಎಂದು ಗಮನಿಸು. ಸಾರಜನಕದ ಕೊರತೆಯಲ್ಲಿ ಗಿಡ ಹಳೆಯ ಎಲೆಯಿಂದ ಅದನ್ನು ಹಿಂತೆಗೆದು ಚಿಗುರಿಗೆ ಸಾಗಿಸುವುದರಿಂದ ಕೆಳಗಿನ ಎಲೆಗಳು ಮೊದಲು ಬಣ್ಣಗೆಡುತ್ತವೆ. ಕಬ್ಬಿಣವನ್ನು ಹಾಗೆ ಸಾಗಿಸಲಾಗದ ಕಾರಣ ಅದರ ಕೊರತೆಯಲ್ಲಿ ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇನ್ನು ನಿಂಬೆ ಮೊದಲ ಬಾರಿ ಹೂಬಿಟ್ಟಾಗ ನೆಲದ ತುಂಬ ಹೂವೂ ಹೀಚೂ ಉದುರಿದ್ದನ್ನು ಕಂಡು ನನಗೆ ಪತ್ರ ಬರೆಯಬೇಡ. ನೂರು ಹೂವುಗಳಲ್ಲಿ ಒಂದೆರಡು ಹಣ್ಣಾದರೆ ಅದೇ ಹೆಚ್ಚು.

ಸೊಪ್ಪಿನ ಗಿಡಗಳಲ್ಲಿ ಪುದೀನವನ್ನು ಯಾರೊಂದಿಗೂ ಕೂಡಿಸಬೇಡ. ಮಣ್ಣಿನ ಮೇಲೂ ಒಳಗೂ ಹಬ್ಬುವ ಬಳ್ಳಿಗಳಿಂದ ಅದು ಒಂದೇ ಋತುವಿನಲ್ಲಿ ಪಕ್ಕದವರ ಜಾಗವನ್ನೆಲ್ಲ ಆಕ್ರಮಿಸುತ್ತದೆ, ಆದ್ದರಿಂದ ಅದಕ್ಕೆ ಅಗಲವಾದ ಪ್ರತ್ಯೇಕ ಕುಂಡವಿರಲಿ. ಬೀಜ ಹುಡುಕುವ ಶ್ರಮವೂ ಬೇಡ, ಅಡುಗೆಗೆ ತಂದ ಕಟ್ಟಿನಿಂದ ನಾಲ್ಕು ಗಟ್ಟಿ ಕಡ್ಡಿಗಳನ್ನು ನೀರಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬರುತ್ತದೆ. ದೊಡ್ಡಪತ್ರೆಯ ಕಡ್ಡಿಯನ್ನು ನೇರವಾಗಿ ಮಣ್ಣಿಗೆ ಚುಚ್ಚಿದರೂ ಸಾಕು. ಮಜ್ಜಿಗೆಹುಲ್ಲಿನದು ಮೆಳೆಯಾಗಿ ಹರಡುವ ಗುಣ, ಇಷ್ಟು ಜಾಗದಲ್ಲಿ ಅದು ನಿನಗೆ ಬೇಕೇ ಎಂದು ಇನ್ನೊಮ್ಮೆ ಯೋಚಿಸು.

ಕೊತ್ತಂಬರಿಗೆ ಕುಂಡ ಬದಲಾಯಿಸುವುದು ಹಿಡಿಸುವುದಿಲ್ಲ, ಅದರ ತಾಯಿಬೇರಿಗೆ ಪೆಟ್ಟಾಗುತ್ತದೆ. ಇರುವಲ್ಲಿಯೇ ಬಿತ್ತು. ನಾವು ಕೊತ್ತಂಬರಿ ಬೀಜ ಎನ್ನುವುದು ಎರಡು ಬೀಜಗಳನ್ನು ಒಳಗಿಟ್ಟುಕೊಂಡ ಒಣ ಕಾಯಿ, ಅಂಗೈಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಸೆಕೆ ಏರಿದರೆ ಅದು ಸೊಪ್ಪು ಬಿಡುವುದನ್ನು ನಿಲ್ಲಿಸಿ ಹೂಕಡ್ಡಿ ಎಬ್ಬಿಸುತ್ತದೆ, ಆಗ ಎಷ್ಟು ಉಪಚರಿಸಿದರೂ ಹಿಂದಿರುಗದು. ಎರಡು ವಾರಕ್ಕೊಮ್ಮೆ ಒಂದು ಹಿಡಿಯಷ್ಟು ಬಿತ್ತುತ್ತ ಹೋಗುವುದೊಂದೇ ಉಪಾಯ. ಕಾಮಕಸ್ತೂರಿಯ ಸ್ವಭಾವ ಇದಕ್ಕೆ ವಿರುದ್ಧ, ಕಿತ್ತಷ್ಟೂ ಅದು ಹಬ್ಬುತ್ತದೆ. ಬಿಡಿ ಎಲೆಗಳನ್ನು ಕೀಳಬೇಡ, ಎಲೆಜೋಡಿಯೊಂದರ ಸ್ವಲ್ಪ ಮೇಲೆ ಕುಡಿಯನ್ನೇ ಚಿವುಟು, ಆ ಜೋಡಿಯ ಕಂಕುಳಿನಿಂದ ಎರಡು ಕವಲು ಹೊರಡುತ್ತವೆ. ಹೂತೆನೆ ಕಂಡರೆ ಅದೇ ದಿನ ತೆಗೆ. ಒಂದೆರಡನ್ನು ಜೇನುಹುಳುಗಳಿಗೆಂದು ನಾನು ಬಿಡುತ್ತೇನೆ.

ಇನ್ನು ಹುಳುಗಳ ಮಾತು. ನಿಂಬೆಯ ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಬಗ್ಗಿ ನೋಡು. ಅದು ಬಹುಪಾಲು ನಿಂಬೆ ಚಿಟ್ಟೆಯ ಮರಿಹುಳು, ಹಕ್ಕಿಗಳ ಕಣ್ಣಿಗೆ ಮಣ್ಣೆರಚಲು ಆ ವೇಷ ಹಾಕಿರುತ್ತದೆ. ದೊಡ್ಡದಾದಂತೆ ಅದು ಎಲೆಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಕವಲುಕೊಂಬೊಂದನ್ನು ಹೊರಚಾಚಿ ಕಟುವಾದ ವಾಸನೆ ಬಿಡುತ್ತದೆ. ಮೊದಲ ಬಾರಿ ನಾನು ಹೆದರಿ ಕೈ ಹಿಂದೆಗೆದದ್ದು ನಿಜ. ಒಂದು ಚಿಕ್ಕ ಗಿಡವನ್ನು ನಾಲ್ಕೈದು ಹುಳುಗಳು ಕೆಲವೇ ದಿನಗಳಲ್ಲಿ ಬೋಳಿಸಬಲ್ಲವು. ಆದರೂ ಇವಕ್ಕೆ ಔಷಧಿ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಕರಿಬೇವು ನಿಂಬೆಯ ಕುಟುಂಬಕ್ಕೇ ಸೇರಿದ ಗಿಡವಾದ್ದರಿಂದ ಹುಳುಗಳಿಗೆ ಅದೂ ಆಹಾರವೇ, ಹಾಗಾಗಿ ಮೂಲೆಯಲ್ಲಿ ದೊಡ್ಡದಾಗಿ ಬೆಳೆದ ನನ್ನ ಕರಿಬೇವಿಗೆ ಅವನ್ನು ಎಲೆಸಮೇತ ಸಾಗಿಸುತ್ತೇನೆ. ಹಿಟ್ಟು ತಿಗಣೆಯ ಮೇಲೆ ಮಾತ್ರ ನನಗೆ ದಯೆಯಿಲ್ಲ. ಬಿಳಿಯ ಹತ್ತಿಯಂತೆ ಕವಲುಗಳಲ್ಲಿ ಅಂಟಿಕೊಳ್ಳುವ ಅದನ್ನು, ಅದು ಸ್ರವಿಸುವ ಸಿಹಿಗಾಗಿ ಇರುವೆಗಳು ಕಾವಲು ಕಾಯುತ್ತವೆ, ಆದ್ದರಿಂದ ಗಿಡ ಹತ್ತುವ ಇರುವೆಸಾಲು ಕಂಡಾಗಲೇ ಕವಲುಗಳನ್ನು ಹುಡುಕು. ಒಂದು ಲೀಟರ್ ನೀರಿಗೆ 5 ಮಿಲಿ ಲೀಟರ್ ಬೇವಿನ ಎಣ್ಣೆ, ಅದು ನೀರಿನೊಂದಿಗೆ ಬೆರೆಯುವುದಕ್ಕೆ ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ನಿಂಬೆಯ ಗಿಡವನ್ನು ನೀನು ಕೊಳ್ಳಬೇಡ. ನನ್ನ ಮೂರನೆಯ ನಿಂಬೆಯ ಪೆನ್ಸಿಲ್ ದಪ್ಪದ ಕೊಂಬೆಯೊಂದರ ಮೇಲೆ ಒಂದು ಇಂಚು ಅಗಲಕ್ಕೆ ಸುತ್ತಲೂ ತೊಗಟೆ ತೆಗೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿದು ಕಳೆದ ವಾರ ನಿನಗಾಗಿ ಗೂಟಿ ಕಟ್ಟಿದ್ದೇನೆ. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯಲಾರದೆ ಆ ಗಾಯದ ಮೇಲಂಚಿನಲ್ಲಿ ಸೇರಿ ಅಲ್ಲಿಂದ ಬೇರು ಹೊರಡುತ್ತದೆ. ತನ್ನದೇ ಬೇರಿನ ಮೇಲೆ ನಿಲ್ಲುವ ಗಿಡವಾದ್ದರಿಂದ ನಿನಗೆ ಮೂರೆಲೆಯ ಚಿಗುರಿನ ಕಾಟವಿರುವುದಿಲ್ಲ. ಹಾಳೆಯ ಮೂಲಕ ಬಿಳಿಬೇರು ಕಾಣಲು ಒಂದೆರಡು ತಿಂಗಳು ಬೇಕು. ಅಷ್ಟರೊಳಗೆ ಸೀಮೆಸುಣ್ಣದ ಗೆರೆಗಳನ್ನು ಸೇರಿಸಿ, ಗೋಡೆಯ ದಿಕ್ಕನ್ನೂ ಬರೆದು, ಹೊಸ ನಕ್ಷೆ ಕಳುಹಿಸು. ನಿಂಬೆಯನ್ನು ಎಲ್ಲಿಡಬೇಕೆಂದು ಅದನ್ನು ನೋಡಿ ಬರೆಯುತ್ತೇನೆ.

ಇಂತಿ,
ನಿನ್ನ ಗೆಳೆಯ