ಮೊದಲ ಮೂರು ಆಲ್ಬಂಗಳೂ ಬೇಕು

ಮಾನ್ಯರೇ,

ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತದ ಕ್ರಾಫ್ಟ್‌ವರ್ಕ್ ತಂಡ 2009ರಲ್ಲಿ ಹೊರತಂದ ‘ದಿ ಕ್ಯಾಟಲಾಗ್’ ಸಂಪುಟವನ್ನು ಆ ತಂಡದ ಸಮಗ್ರ ಸಂಗೀತವೆಂದು ಪರಿಚಯಿಸುವವರಿದ್ದಾರೆ. ಕೊಳಲು ನುಡಿಸುವ ನಾನು ಇದನ್ನು ಒಪ್ಪಲಾರೆ. ಅದರಲ್ಲಿರುವುದು 1974ರ ‘ಆಟೋಬಾನ್’ನಿಂದ 2003ರ ‘ಟೂರ್ ದ ಫ್ರಾನ್ಸ್’ವರೆಗಿನ ಎಂಟು ಆಲ್ಬಂಗಳು ಮಾತ್ರ. 1970ರಿಂದ 1973ರ ನಡುವೆ ಬಂದ ಮೊದಲ ಮೂರಕ್ಕೆ ಅಲ್ಲಿ ಜಾಗವೇ ಇಲ್ಲ.

ಆ ಮೂರರಲ್ಲೂ ತಂಡದ ಸ್ಥಾಪಕರಲ್ಲೊಬ್ಬರಾದ ಫ್ಲೋರಿಯಾನ್ ಷ್ನೈಡರ್ ಅವರ ಕೊಳಲಿದೆ. ಮೊದಲ ಆಲ್ಬಂ ತೆರೆದುಕೊಳ್ಳುವುದೇ ಅದರಿಂದ. ಒಂದು ಚಿಕ್ಕ ಸ್ವರಗುಚ್ಛವನ್ನು ನಾಲಿಗೆಯಿಂದ ಕತ್ತರಿಸಿ ಕತ್ತರಿಸಿ, ಬಿಡುವಿಲ್ಲದೆ ಮರುಕಳಿಸುತ್ತಾರೆ. ಮುಂದೆ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಮಾಡಿದ ಕೆಲಸವನ್ನು ಇಲ್ಲಿ ಮನುಷ್ಯನ ಉಸಿರು ಮಾಡುತ್ತಿದೆ! ಯಂತ್ರಗಳು ಕೈಗೆ ಬರುವ ಮುನ್ನವೇ ಆ ಲಯ ಅವರೊಳಗಿತ್ತು. ಇದನ್ನು ಕೇಳದವರಿಗೆ ‘ಆಟೋಬಾನ್’ ಎಲ್ಲಿಂದ ಹುಟ್ಟಿತೆಂದು ತಿಳಿಯುವುದಾದರೂ ಹೇಗೆ?

ಸಂಪುಟದಲ್ಲಿರುವುದೂ ಅಮೂಲ್ಯವೇ. 1977ರ ‘ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್’ ಇಲ್ಲದೆ ಇಂದಿನ ನೃತ್ಯಸಂಗೀತವನ್ನು ಊಹಿಸುವುದು ಕಷ್ಟ. ‘ಎಲೆಕ್ಟ್ರಿಕ್ ಕೆಫೆ’ ಆಲ್ಬಂಗೆ ಮೊದಲು ಯೋಚಿಸಿದ್ದ ‘ಟೆಕ್ನೋ ಪಾಪ್’ ಎಂಬ ಹೆಸರನ್ನು ಇದರಲ್ಲಿ ಮರಳಿ ಕೊಟ್ಟದ್ದೂ ಸರಿ. ಒಂದು ಹೆಸರಿಗಾಗಿ ಹಿಂದಕ್ಕೆ ಹೋದವರು ಮೂರು ಆಲ್ಬಂಗಳಿಗಾಗಿ ಏಕೆ ಹೋಗಬಾರದು?

ಷ್ನೈಡರ್ 2020ರಲ್ಲಿ ತೀರಿಕೊಂಡರು. ತಂಡದಲ್ಲಿ ಉಳಿದಿರುವ ಸ್ಥಾಪಕ ರಾಲ್ಫ್ ಹ್ಯೂಟರ್ ಅವರು ಮನಸ್ಸು ಮಾಡಿ ಈ ಆಲ್ಬಂಗಳನ್ನು ಅಧಿಕೃತವಾಗಿ ಮರುಬಿಡುಗಡೆ ಮಾಡಬೇಕು. ನಾನು ಕೇಳಿದ ಅನಧಿಕೃತ ಪ್ರತಿಗಳಲ್ಲಿ ಕೊಳಲಿನ ನಾದವೇ ಮಸುಕಾಗಿದೆ. ಆ ವಾದಕನಿಗೆ ಇದು ನ್ಯಾಯವಲ್ಲ.

– ಒಬ್ಬ ಕೊಳಲುವಾದಕ